ಲಾಂಚ್ ದಡಕ್ಕೆ ಬಂದ ಮೇಲೆ: ಫೆರಿ ರಿಪೇರಿ ಕೆಲಸಕ್ಕೆ ಹೊರಟವರಿಗೆ

ವರ್ಷಕ್ಕೆ ನಾಲ್ಕೈದು ಫೋನು ಬರುತ್ತವೆ. ಶಹಾಪುರದಿಂದ, ಸುರಪುರದಿಂದ, ಒಮ್ಮೊಮ್ಮೆ ಚಿತ್ತಾಪುರ, ಅಫಜಲಪುರದ ಕಡೆಯಿಂದ. ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿದ ಹುಡುಗರು. ಕೇಳುವ ಮಾತು ಒಂದೇ: "ಕಾಕಾ, ಬೋಟಿನ ಕೆಲಸ ಅಂದ್ರ ತಿಂಗಳುಗಟ್ಲೆ ನೀರಾಗೇ ಇರಬೇಕೇನ್ರಿ?"

ಇಲ್ಲಪ್ಪ. ನಾನು 22 ವರ್ಷ ಮಾಡಿದ್ದು ದಡದ ಕೆಲಸ. ಮುಂಬೈ ಬಂದರಿನಲ್ಲಿ ಲಾಂಚ್ ಹಗಲೆಲ್ಲ ಜನರನ್ನು ಆಚೆ ದಡಕ್ಕೆ ಒಯ್ಯುತ್ತದೆ, ಈಚೆ ದಡಕ್ಕೆ ತರುತ್ತದೆ. ಸಂಜೆ ಧಕ್ಕೆಗೆ, ಅಂದರೆ ಜೆಟ್ಟಿಗೆ, ಬಂದು ಹಗ್ಗ ಕಟ್ಟುತ್ತದೆ. ಅಲ್ಲಿಂದ ಬೆಳಗಿನ ಮೊದಲ ಟ್ರಿಪ್ಪಿನವರೆಗೆ ಅದು ನಮ್ಮ ಕೈಯಲ್ಲಿ. ಏನು ಕೆಟ್ಟಿದೆ, ಏನು ಕೆಡಲಿದೆ, ನಾಳೆ ಬಿಡಬಹುದಾ ಬೇಡವಾ, ಎಲ್ಲ ಆ ಕೆಲವು ಗಂಟೆಗಳಲ್ಲೇ ತೀರ್ಮಾನ ಆಗಬೇಕು. ನಡುನೀರಿನಲ್ಲಿ ಕೈಕೊಡುವ ಲಾಂಚ್ ಹೆಚ್ಚಾಗಿ ದಡದಲ್ಲಿ ಇದ್ದಾಗಲೇ ಒಂದು ಸುಳಿವು ಕೊಟ್ಟಿರುತ್ತದೆ. ಆ ಸುಳಿವು ಹಿಡಿಯುವುದೇ ನಮ್ಮ ಕೆಲಸ.

ಈ ಕೆಲಸ ನಾನು ಮೊದಲು ನೋಡಿದ್ದು ಕೃಷ್ಣೆಯ ದಡದಲ್ಲಿ. ನಮ್ಮೂರಿನ ಅಂಬಿಗರ ಕಾಕಾ ಸಂಜೆ ಹರಿಗೋಲನ್ನು ಎಳೆದು ದಡಕ್ಕೆ ಬೋರಲು ಹಾಕುತ್ತಿದ್ದ. ಡಾಂಬರು ಬಳಿದ ತಳವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಒಂದು ಸುತ್ತು ಬರುತ್ತಿದ್ದ. ಎಲ್ಲಿ ಮೆತ್ತಗೆ ಅನಿಸಿತೋ ಅಲ್ಲಿ ಸುಣ್ಣದ ಗುರುತು. ಬೆಳಿಗ್ಗೆ ಆ ಗುರುತಿಗೆ ಬಿಸಿ ಡಾಂಬರು ಬಿದ್ದ ಮೇಲೆಯೇ ಹರಿಗೋಲು ನೀರಿಗೆ. ಅವನು ಒಂದು ದಿನವೂ ಅದನ್ನು ಬಿಟ್ಟದ್ದು ನನಗೆ ನೆನಪಿಲ್ಲ.

ಹೋಗುವ ಮುಂಚೆ ಏನು ಬೇಕು

ಡೀಸೆಲ್ ಮೆಕ್ಯಾನಿಕ್ ಇಲ್ಲವೇ ಫಿಟ್ಟರ್ ಐಟಿಐ, ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಇದ್ದರೆ ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿ ಶುರು ಮಾಡಬಹುದು. ಲಾಂಚಿನ ಮೇಲೆ ಡ್ರೈವರ್ ಆಗಿ ಎಂಜಿನ್ ನಡೆಸಬೇಕಾದರೆ ಮಾತ್ರ ಬೇರೆ ಸರ್ಟಿಫಿಕೇಟ್ ಬೇಕು. ಊರಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಕೂಡಿಸಿದ್ದರೆ ಅದನ್ನು ಮುಚ್ಚಿಡಬೇಡಿ, ಹೇಳಿ. ಇಂಜೆಕ್ಟರ್, ಫಿಲ್ಟರ್, ವಾಲ್ವ್ ಎಲ್ಲ ಅದೇ ತತ್ವ. ತಂಪು ಮಾಡುವ ರೀತಿ ಬೇರೆ, ಶಕ್ತಿ ಚಕ್ರಕ್ಕೆ ಹೋಗುವ ಬದಲು ನೀರು ತಳ್ಳುವ ಪಂಖಾಕ್ಕೆ (ಪ್ರೊಪೆಲ್ಲರ್) ಹೋಗುತ್ತದೆ, ಅಷ್ಟೇ.

ಈಜು ಕಲಿತು ಹೋಗಿ. ನಮ್ಮ ಕಡೆ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತವರಿಗೆ ಇದು ಕಷ್ಟ ಅಲ್ಲ. ಆದರೆ ಧಕ್ಕೆಯ ಕೆಲಸದಲ್ಲಿ ಈಜು ಬಂದರೂ ಲೈಫ್ ಜಾಕೆಟ್ ಹಾಕಲೇಬೇಕು. ಎರಡು ಲಾಂಚ್‌ಗಳ ನಡುವೆ ಕಾಲು ಜಾರಿದರೆ ಈಜಲು ಜಾಗವೇ ಇರುವುದಿಲ್ಲ.

ಮೊದಲ ಹಂತ: ಲಾಂಚ್ ಕಟ್ಟುವ ಮುಂಚೆಯೇ ಧಕ್ಕೆಯಲ್ಲಿ ನಿಲ್ಲಿ

ಹೊಸಬರು ಎಂಜಿನ್ ಬಂದ್ ಆದ ಮೇಲೆ ಪಾನಾ ಹಿಡಿದು ಇಳಿಯುತ್ತಾರೆ. ಅಷ್ಟೊತ್ತಿಗೆ ಅರ್ಧ ವಿಷಯ ಹೋಗಿರುತ್ತದೆ. ಲಾಂಚ್ ಇನ್ನೂ ದೂರದಲ್ಲಿ ಇರುವಾಗಲೇ ನಿಂತು ಹೊಗೆ ನೋಡಿ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಲೋಡ್ ಜಾಸ್ತಿ ಇರಬಹುದು, ಪಂಖಾಕ್ಕೆ ಬಲೆ ಸುತ್ತಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದರೆ ಹೆದರಬೇಡಿ. ಸಂಜೆ, ದಿನವಿಡೀ ಓಡಿ ಬಿಸಿಯಾದ ಎಂಜಿನ್ ಬಿಳಿ ಹೊಗೆ ಬಿಟ್ಟರೆ ಮಾತ್ರ ಅದು ವಿಚಾರಿಸಬೇಕಾದ ಸಂಗತಿ. ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಸೇರುತ್ತಿದೆ.

ಹೊಗೆಯ ಜೊತೆ ನೀರು ಹೊರಗೆ ಬರುವ ಎಂಜಿನ್ ಆದರೆ ಆ ನೀರು ನೋಡಿ. ದಿನಾ ನೋಡಿದರೆ ಎಷ್ಟು ಬರಬೇಕು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಒಂದು ದಿನ ಕಡಿಮೆ ಅನಿಸಿತಾ? ತಂಪಿನ ನೀರಿನ ದಾರಿ ಎಲ್ಲೋ ಕಟ್ಟಿದೆ ಅಂತ ಲೆಕ್ಕ.

ಆಮೇಲೆ ಲಾಂಚಿನವರ ಹತ್ತಿರ ಮಾತಾಡಿ. ಚುಕ್ಕಾಣಿ ಹಿಡಿಯುವವನನ್ನು ಅಲ್ಲಿ ತಾಂಡೇಲ ಅನ್ನುತ್ತಾರೆ, ಎಂಜಿನ್ ನೋಡುವವನು ಡ್ರೈವರ್, ಹಗ್ಗ ಎಸೆಯುವವನು ಖಲಾಸಿ. ಮೂವರನ್ನೂ ಬೇರೆ ಬೇರೆ ಕೇಳಿ. "ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದರೆ "ಇಲ್ಲ" ಅಂತಲೇ ಉತ್ತರ ಬರುವುದು. ದಿನವಿಡೀ ದುಡಿದು ದಣಿದವರು, ಮನೆಗೆ ಹೋಗುವ ಆತುರ ಇರುತ್ತದೆ. ಹೀಗೆ ಕೇಳಿ: "ನಿನ್ನೆಗಿಂತ ಇವತ್ತು ಏನು ಬೇರೆ ಇತ್ತು?" ಆಗ ಬಾಯಿ ಬಿಡುತ್ತಾರೆ. ಚುಕ್ಕಾಣಿ ಒಂದು ಕಡೆ ಬಿಗಿ ಬಂತು, ಗೇರ್ ಹಾಕುವಾಗ ತಡ ಆಯಿತು, ಹಿಂದುಗಡೆ ಸೀಟಿನವರು ಕಾಲಡಿ ನಡುಗುತ್ತದೆ ಅಂದರು. ನನಗೆ ಸಿಕ್ಕ ಒಳ್ಳೆಯ ಸುಳಿವುಗಳಲ್ಲಿ ಅರ್ಧದಷ್ಟು ಖಲಾಸಿ ಹುಡುಗರು ಕೊಟ್ಟವು. ಅವರಿಗೆ ಒಂದು ಚಹಾ ಕುಡಿಸಿ, ಹೆಸರು ಹಿಡಿದು ಮಾತಾಡಿಸಿ. ಹೇಳಿದ್ದು ಸಣ್ಣದು ಅನಿಸಿದರೂ ಅವರ ಎದುರಿಗೇ ಬರೆದುಕೊಳ್ಳಿ.

ಎರಡನೇ ಹಂತ: ನೋಟ್‌ಬುಕ್

ಲಾಂಚಿನಲ್ಲಿ ಲಾಗ್‌ಬುಕ್ ಇರುತ್ತದೆ. ಅದರ ಜೊತೆ ನಿಮ್ಮದೇ ಒಂದು ನೋಟ್‌ಬುಕ್ ಇರಲಿ, ಲಾಂಚಿಗೆ ಒಂದು. ಎಂಜಿನ್ ಓಡಿದ ಗಂಟೆ, ಆಯಿಲ್ ಪ್ರೆಶರ್, ನೀರಿನ ಟೆಂಪರೇಚರ್, ಗೇರ್‌ಬಾಕ್ಸ್ ಆಯಿಲ್ ಮಟ್ಟ, ಬಿಲ್ಜಿನಲ್ಲಿ (ಲಾಂಚಿನ ತಳದಲ್ಲಿ ನೀರು ನಿಲ್ಲುವ ಜಾಗ) ಎಷ್ಟು ನೀರಿತ್ತು. ಇಷ್ಟೇ. ಆದರೆ ದಿನಾ, ಅದೇ ಹೊತ್ತಿಗೆ, ಅದೇ ಸ್ಪೀಡಿನಲ್ಲಿ ನೋಡಿದ ಅಂಕಿ ಆಗಿರಬೇಕು.

ಒಂದು ದಿನದ ಅಂಕಿ ಏನೂ ಹೇಳುವುದಿಲ್ಲ. 84 ಡಿಗ್ರಿ ಇದ್ದರೆ ಎಂಜಿನ್ ಚೆನ್ನಾಗಿದೆ ಅನಿಸುತ್ತದೆ. ಆದರೆ ಹೋದ ವಾರ 78, ಮೊನ್ನೆ 80, ನಿನ್ನೆ 82, ಇವತ್ತು 84 ಅಂತ ಒಂದರ ಕೆಳಗೆ ಒಂದು ಬರೆದಿದ್ದರೆ? ಏನೋ ನಿಧಾನವಾಗಿ ಕಟ್ಟಿಕೊಳ್ಳುತ್ತಿದೆ. ಅಲಾರಂ ಹೊಡೆಯುವ ಹೊತ್ತಿಗೆ ಲಾಂಚ್ ನಡುನೀರಿನಲ್ಲಿ ಇರುತ್ತದೆ, ಒಳಗೆ ಜನ ಇರುತ್ತಾರೆ. ಆ ನಾಲ್ಕು ಸಾಲು ಓದಿ ಇವತ್ತೇ ಬಿಚ್ಚಿದರೆ ಒಂದು ಗಂಟೆಯ ಕೆಲಸ.

ಮೂರನೇ ಹಂತ: ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ

ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಮಟ್ಟ ಮಾತ್ರ ನೋಡಿ ಇಡಬೇಡಿ. ಬಣ್ಣ ನೋಡಿ, ಎರಡು ಬೆರಳ ನಡುವೆ ಉಜ್ಜಿ. ಹಾಲು ಜಾಸ್ತಿಯಾದ ಚಹಾದ ಬಣ್ಣ ಬಂದಿದ್ದರೆ ಆಯಿಲಿಗೆ ನೀರು ಸೇರಿದೆ. ಆ ಎಂಜಿನ್ ಸ್ಟಾರ್ಟ್ ಮಾಡಬಾರದು. ಮಟ್ಟ ನಿನ್ನೆಗಿಂತ ಮೇಲೆ ಬಂದಿದ್ದರೆ ಅದು ಇನ್ನೂ ಕೆಟ್ಟದ್ದು. ಆಯಿಲ್ ತಾನಾಗಿ ಹೆಚ್ಚುವುದಿಲ್ಲ, ಅಲ್ವಾ? ಡೀಸೆಲ್ ಇಲ್ಲವೇ ನೀರು ಅದರಲ್ಲಿ ಇಳಿಯುತ್ತಿದೆ.

ಡೀಸೆಲ್ ಟ್ಯಾಂಕಿನ ತಳದ ನಲ್ಲಿಯಿಂದ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಬಿಡಿ. ನೀರು ಭಾರ, ಕೆಳಗೆ ಕೂರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮ ಜೀವಿಗಳು ಬೆಳೆದು ಕಪ್ಪು ಲೋಳೆ ಆಗುತ್ತದೆ, ಅದು ಹೋಗಿ ಫಿಲ್ಟರಿನಲ್ಲಿ ಕೂರುತ್ತದೆ. ಅಲೆ ಇದ್ದ ದಿನ ಟ್ಯಾಂಕ್ ಕುಲುಕಿದಾಗಲೇ ಎಂಜಿನ್ ನಿಲ್ಲುವುದು ಇದರಿಂದ. ಸಂಜೆಯೇ ಟ್ಯಾಂಕ್ ತುಂಬಿಸಿ ಇಟ್ಟರೆ ಒಳಗೆ ಗಾಳಿ ಕಡಿಮೆ, ರಾತ್ರಿ ಟ್ಯಾಂಕಿನ ಒಳಮೈ ಬೆವರಿ ನೀರಾಗುವುದೂ ಕಡಿಮೆ.

ಬೆಲ್ಟು, ಬ್ಯಾಟರಿ, ಹೋಸ್ ಕ್ಲಿಪ್ಪು ನಿಮಗೆ ಗೊತ್ತಿರುವವೇ. ನೀರಿನ ಮಟ್ಟಕ್ಕಿಂತ ಕೆಳಗಿರುವ ಹೋಸಿಗೆ ಎರಡೆರಡು ಕ್ಲಿಪ್ ಹಾಕಿ ಅನ್ನುವುದು ಮಾತ್ರ ಮರೆಯಬೇಡಿ.

ಇನ್ನು ಸಮುದ್ರದ ನೀರಿನ ಪಂಪು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟ್ರ್ಯಾಕ್ಟರಿಗೆ ರೇಡಿಯೇಟರ್ ಇದ್ದ ಹಾಗೆ ಇಲ್ಲಿ ಹೀಟ್ ಎಕ್ಸ್‌ಚೇಂಜರ್. ಹೊರಗಿನ ನೀರು ಜಾಲರಿ ದಾಟಿ, ಪಂಪಿನಿಂದ ಅದರ ಸಣ್ಣ ಕೊಳವೆಗಳೊಳಗೆ ಹರಿದು, ಎಂಜಿನ್ನಿನ ಬಿಸಿ ತೆಗೆದುಕೊಂಡು ಹೊರಗೆ ಹೋಗುತ್ತದೆ. ಆ ಪಂಪಿನೊಳಗೆ ರಬ್ಬರಿನ ಇಂಪೆಲ್ಲರ್ ಇರುತ್ತದೆ, ಹೂವಿನ ಎಸಳಿನ ಹಾಗೆ ರೆಕ್ಕೆಗಳು. ನೀರೇ ಅದಕ್ಕೆ ಎಣ್ಣೆ. ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೂ ರೆಕ್ಕೆ ಸುಟ್ಟು ಹರಿಯುತ್ತದೆ. ಜಾಲರಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ಸಾಕು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನಿಂದ ಒಂದು ತಪ್ಪಾಯಿತು. ಪಂಪ್ ಬಿಚ್ಚಿದೆ, ಇಂಪೆಲ್ಲರಿನಲ್ಲಿ ಎರಡು ರೆಕ್ಕೆ ಇರಲಿಲ್ಲ. ಹೊಸದು ಹಾಕಿದೆ, ನೀರು ಚೆನ್ನಾಗಿ ಬಂತು, ಲಾಂಚ್ ಬಿಟ್ಟೆ. ಮೂರು ದಿನ ಆದ ಮೇಲೆ ಟೆಂಪರೇಚರ್ ಏರಿ ಲಾಂಚ್ ನಡುವೆಯೇ ನಿಂತಿತು. ಇನ್ನೊಂದು ಲಾಂಚ್ ಹೋಗಿ ಎಳೆದು ತಂದಿತು. ಒಳಗೆ 60ಕ್ಕೂ ಮಿಕ್ಕಿ ಜನ, ಮಕ್ಕಳಿದ್ದರು. ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ ತೆಗೆದು ನೋಡಿದರೆ ಕಾಣೆಯಾದ ಎರಡು ರೆಕ್ಕೆ ಕೊಳವೆಗಳ ಬಾಯಿಗೆ ಅಂಟಿಕೊಂಡು ಕೂತಿದ್ದವು, ಅವುಗಳ ಸುತ್ತ ಕಸ. ನಮ್ಮ ಹಿರಿಯ ಮಿಸ್ತ್ರಿ ಬೈಯಲಿಲ್ಲ. ಎರಡು ತುಂಡನ್ನೂ ನನ್ನ ಅಂಗೈ ಮೇಲೆ ಇಟ್ಟು, "ಮುರಿದದ್ದು ಎಲ್ಲಿಗೆ ಹೋಯಿತು ಅಂತ ಕೇಳಬೇಕಿತ್ತು" ಅಂದರು. ಅಂದಿನಿಂದ ಹಳೆಯ ಇಂಪೆಲ್ಲರಿನ ರೆಕ್ಕೆ ಎಣಿಸದೆ ಹೊಸದನ್ನು ಡಬ್ಬಿಯಿಂದ ತೆಗೆದವನಲ್ಲ. ನೀವೂ ಎಣಿಸಿ. ತುಂಡು ಸಿಗುವವರೆಗೆ ಪೈಪು ಬಿಚ್ಚುತ್ತಾ ಹೋಗಿ.

ನಾಲ್ಕನೇ ಹಂತ: ಬಿಲ್ಜ್ ಮತ್ತು ಗ್ಲ್ಯಾಂಡ್

ಲಾಂಚಿನ ತೀರಾ ತಳದಲ್ಲಿ, ಎಂಜಿನ್ನಿನ ಕೆಳಗೆ ನೀರು ಬಂದು ನಿಲ್ಲುವ ಜಾಗವೇ ಬಿಲ್ಜ್. ಅಲ್ಲಿನ ನೀರನ್ನು ಪಂಪು ಹೊರಗೆ ಹಾಕುತ್ತದೆ. ಪಂಪ್ ಇದೆಯಲ್ಲ ಅಂತ ನೆಮ್ಮದಿಯಾಗಿ ಇರಬೇಡಿ. ಆಟೊಮ್ಯಾಟಿಕ್ ಪಂಪು ಸೋರಿಕೆಯನ್ನು ಮುಚ್ಚಿಡುತ್ತದೆ. ರಾತ್ರಿ ಎಷ್ಟು ಸಲ ಓಡಿತು ಅಂತ ಕಾವಲಿನವನನ್ನು ಕೇಳಿ. ನೀರು ಏರಿದಾಗ ಪಂಪ್ ಶುರು ಮಾಡುವ ಫ್ಲೋಟ್ ಅನ್ನು ಕೈಯಿಂದ ಎತ್ತಿ ಪಂಪ್ ಓಡುತ್ತದಾ, ನೀರು ನಿಜಕ್ಕೂ ಹೊರಗೆ ಬೀಳುತ್ತದಾ ಅಂತ ನೋಡಿ. ಸದ್ದು ಬಂದರೆ ಸಾಲದು.

ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯದಿದ್ದರೆ ಒಂದು ಸುಲಭ ದಾರಿ ಇದೆ. ಬಿಲ್ಜನ್ನು ಪೂರ್ತಿ ಒಣಗಿಸಿ ಬಟ್ಟೆಯಿಂದ ಒರೆಸಿ. ಎಣ್ಣೆ ಬೆರೆತ ನೀರನ್ನು ಡ್ರಮ್ಮಿಗೆ ತುಂಬಿಡಿ, ಕಡಲಿಗೆ ಬಿಡುವಂತಿಲ್ಲ. ಆಮೇಲೆ ತಳಕ್ಕೆ ಹಳೆಯ ನ್ಯೂಸ್‌ಪೇಪರ್ ಹಾಸಿ, ಎಂಜಿನ್ ನಿಲ್ಲಿಸಿಯೇ ಒಂದು ಗಂಟೆ ಬಿಡಿ. ಯಾವ ಹಾಳೆ ಮೊದಲು ಒದ್ದೆ ಆಯಿತು? ಒದ್ದೆ ಬರೀ ನೀರಿನದಾ, ಬಣ್ಣದ ಕೂಲಂಟಿನದಾ, ಡೀಸೆಲಿನದಾ? ಕಾಗದವೇ ಹೇಳುತ್ತದೆ. ಊರಿನಿಂದ ಬಂದ ಬುತ್ತಿಗೆ ಸುತ್ತಿದ ಕನ್ನಡ ಪೇಪರುಗಳನ್ನು ನಾನು ಇದಕ್ಕೆಂದೇ ಎತ್ತಿಡುತ್ತಿದ್ದೆ.

ಹೆಚ್ಚಿನ ಸಲ ಮೊದಲು ಒದ್ದೆಯಾಗುವುದು ಹಿಂದಿನ ಹಾಳೆ, ಅಂದರೆ ಗ್ಲ್ಯಾಂಡಿನ ಕೆಳಗಿನದು. ಎಂಜಿನ್ನಿನಿಂದ ಪಂಖಾಕ್ಕೆ ಹೋಗುವ ಶಾಫ್ಟು ಲಾಂಚಿನ ಮೈ ದಾಟಿ ಹೊರಗೆ ಹೋಗುತ್ತದಲ್ಲ, ಆ ತೂತಿನಲ್ಲಿ ನೀರು ಬಾರದ ಹಾಗೆ ಎಣ್ಣೆ ಹಾಕಿದ ಹಗ್ಗದಂತಹ ಪ್ಯಾಕಿಂಗ್ ತುಂಬಿರುತ್ತದೆ, ಅದೇ ಗ್ಲ್ಯಾಂಡ್. ಹೊಸಬರು ಒಂದು ಹನಿ ಕಂಡರೂ ನಟ್ಟು ಬಿಗಿಯುತ್ತಾರೆ. ಹಾಗೆ ಮಾಡಬೇಡಿ. ಪ್ಯಾಕಿಂಗ್ ಹಾಕಿದ ಗ್ಲ್ಯಾಂಡ್ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬಿಡಲೇಬೇಕು. ಆ ಹನಿಯೇ ಅದನ್ನು ತಂಪಾಗಿ ಇಡುವುದು. ಪೂರ್ತಿ ಬಿಗಿದರೆ ಪ್ಯಾಕಿಂಗ್ ಸುಟ್ಟು, ಶಾಫ್ಟಿನ ಮೇಲೆ ಗೀರು ಬೀಳುತ್ತದೆ, ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಟ್ರಿಪ್ ಮುಗಿಸಿ ಬಂದ ತಕ್ಷಣ, ಶಾಫ್ಟ್ ಪೂರ್ತಿ ನಿಂತ ಮೇಲೆ, ಗ್ಲ್ಯಾಂಡಿಗೆ ಅಂಗೈ ಹಿಂಭಾಗ ತಾಗಿಸಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಬಿಗಿ ಜಾಸ್ತಿಯಾಗಿದೆ.

ಪ್ಯಾಕಿಂಗ್ ಬದಲಿಸುವಾಗ ಹಳೆಯದನ್ನು ಒಂದು ಸುತ್ತೂ ಉಳಿಸದೆ ತೆಗೆಯಿರಿ. ಶಾಫ್ಟಿನಷ್ಟೇ ದಪ್ಪದ ಒಂದು ರಾಡಿಗೆ ಸುತ್ತಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಬಿಡಿ ಬಿಡಿ ಉಂಗುರ ಮಾಡಿಕೊಳ್ಳಿ. ಒಂದೇ ಉದ್ದನೆಯ ಹಗ್ಗವನ್ನು ಸುರುಳಿ ಸುತ್ತಿ ತುರುಕಬಾರದು. ಒಂದು ಉಂಗುರದ ಕೂಡು ಮೇಲೆ ಬಂದರೆ ಮುಂದಿನದರ ಕೂಡು ಕೆಳಗೆ ಬರಲಿ. ನಟ್ಟುಗಳನ್ನು ಎರಡೂ ಕಡೆ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಐದನೇ ಹಂತ: ಟ್ಯಾಂಕಿನೊಳಗೆ ಇಳಿಯುವ ಮುಂಚೆ ಹಗೇವು ನೆನಪಿಸಿಕೊಳ್ಳಿ

ಇಷ್ಟು ಬರೆಯಲು ಕೂತದ್ದೇ ಈ ಭಾಗಕ್ಕಾಗಿ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ನಮ್ಮ ಹಳ್ಳಿಗಳ ಹಳೆಯ ಮನೆಗಳಲ್ಲಿ ಹಗೇವು ಇದ್ದವು. ನೆಲದಡಿಯ ಜೋಳದ ಕಣಜ. ಬಾಯಿಗೆ ಹಾಸುಬಂಡೆ, ಅದರ ಮೇಲೆ ಮಣ್ಣು. ತೆಗೆಯುವ ದಿನ ನಮ್ಮಜ್ಜ ಬಂಡೆ ಸರಿಸಿ ಬಹಳ ಹೊತ್ತು ಹಾಗೆಯೇ ಬಿಡುತ್ತಿದ್ದರು. ಮಕ್ಕಳು ಬಗ್ಗಿ ನೋಡಲು ಹೋದರೆ ಗದರಿಸುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಮುಚ್ಚಿದ ಜಾಗದಲ್ಲಿ ಕಾಳು ಕೂಡ ಉಸಿರಾಡುತ್ತದೆ, ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಭಾರವಾದ ಗಾಳಿ, ತಳದಲ್ಲೇ ಕೂರುತ್ತದೆ. ಇಳಿದವನು ಕೂಗುವ ಮುಂಚೆಯೇ ಕುಸಿಯುತ್ತಾನೆ.

ಲಾಂಚಿನ ಮುಚ್ಚಿದ ಟ್ಯಾಂಕುಗಳೂ ಹಗೇವುಗಳೇ. ಡೀಸೆಲ್ ಟ್ಯಾಂಕು, ನೀರಿನ ಟ್ಯಾಂಕು, ಲಂಗರಿನ ಸರಪಳಿ ಇಡುವ ಗೂಡು, ತೇಲಲು ಖಾಲಿ ಬಿಟ್ಟ ಕೋಣೆಗಳು. ಖಾಲಿ ಕೋಣೆಯಲ್ಲಿ ಏನಿದೆ ಹೆದರಲು ಅಂತ ಅನಿಸುತ್ತದೆ. ತುಕ್ಕು ಇದೆ. ಕಬ್ಬಿಣ ತುಕ್ಕು ಹಿಡಿಯಲು ಅದೇ ಗಾಳಿಯ ಆಕ್ಸಿಜನ್ ಬಳಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮುಚ್ಚಿದ್ದರೆ ಒಳಗೆ ಉಸಿರಿಗೆ ಬೇಕಾದದ್ದು ಉಳಿದಿರುವುದಿಲ್ಲ. ವಾಸನೆ ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ. ಕೊಳೆತ ನೀರಿದ್ದರೆ ಮೊಟ್ಟೆ ಕೊಳೆತ ವಾಸನೆಯ ಗ್ಯಾಸ್ ಇರಬಹುದು. ಅದು ಜಾಸ್ತಿಯಾದಾಗ ಮೂಗೇ ಸೋತು ವಾಸನೆ ತಿಳಿಯದ ಹಾಗೆ ಆಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂದುಕೊಂಡವರು ಸತ್ತಿದ್ದಾರೆ.

ಹಾಗಾಗಿ ಮುಚ್ಚಳಗಳನ್ನೆಲ್ಲ ತೆಗೆದು ಬ್ಲೋವರ್ ಹಚ್ಚಿ, ಗಂಟೆಗಟ್ಟಲೆ ಹೊಸ ಗಾಳಿ ಹೋಗಲಿ. ಆಮೇಲೆ ಗ್ಯಾಸ್ ಮೀಟರನ್ನು ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಓದಿ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ 20.9 ಶೇಕಡಾ ಇರುತ್ತದೆ. ಒಳಗೂ ಅಷ್ಟೇ ಬರುವವರೆಗೆ ಕಾಯಿರಿ. ಕಡಿಮೆ ಇದೆ ಅಂದರೆ ಏನೋ ಆಕ್ಸಿಜನ್ ತಿಂದಿದೆ, ಇಲ್ಲವೇ ಆ ಜಾಗವನ್ನು ಬೇರೆ ಗ್ಯಾಸ್ ತುಂಬಿದೆ ಅಂತ ಅರ್ಥ. 19.5ಕ್ಕಿಂತ ಕೆಳಗೆ ಇದ್ದರಂತೂ ಕಾಲು ಇಡಬೇಡಿ. ಅಜ್ಜನ ಕಂದೀಲು ಇಲ್ಲಿ ನಡೆಯುವುದಿಲ್ಲ. ಡೀಸೆಲ್ ಆವಿ, ಪೇಂಟಿನ ಆವಿ ಇರುವ ಕಡೆ ಬೆಂಕಿ ಇಳಿಸಿದರೆ ಸಿಡಿಯಬಹುದು. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಮನುಷ್ಯನಿಗೆ ಸಾಕಾಗುವಷ್ಟು ಗಾಳಿ ಇದೆ ಅಂತಲೂ ಅಲ್ಲ.

ಬಾಯಿಯ ಹತ್ತಿರ ಒಬ್ಬ ನಿಲ್ಲಬೇಕು. ಅವನಿಗೆ ಬೇರೆ ಕೆಲಸ ಹೇಳುವಂತಿಲ್ಲ, ಅವನು ಒಳಗೆ ಇಳಿಯುವಂತಿಲ್ಲ. ಇಳಿದವನ ಮೈಗೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ತುದಿ ಹೊರಗೆ. ಒಳಗಿನವನು ಮಾತಿಗೆ ಓಗೊಡದಿದ್ದರೆ ಹೊರಗಿನವನು ಜನ ಕರೆದು ಹಗ್ಗ ಎಳೆಯಬೇಕೇ ಹೊರತು ಧುಮುಕಬಾರದು. ಇದು ಹೇಳಲು ಸುಲಭ. ಬಿದ್ದವನು ತಮ್ಮನೋ ಗೆಳೆಯನೋ ಆಗಿದ್ದರೆ ಕಾಲು ತಾನಾಗಿ ಓಡುತ್ತದೆ. ಒಬ್ಬನ ಹಿಂದೆ ಒಬ್ಬರು ಇಳಿದು ಮೂವರು ಸಾಯುವುದು ಹೀಗೆಯೇ. ಮ್ಯಾನ್‌ಹೋಲಿನಲ್ಲಿ, ಹಾಳು ಬಾವಿಯಲ್ಲಿ ಆದ ಇಂಥ ಸುದ್ದಿ ನೀವೂ ಓದಿದ್ದೀರಿ. ಕೆಲಸ ಶುರು ಮಾಡುವ ಮುಂಚೆ ಬಾಯಿ ಕಾಯುವವನ ಕೈ ಹಿಡಿದು, "ನಾನು ಬಿದ್ದರೆ ನೀನು ಇಳಿಯಬೇಡ" ಅಂತ ಹೇಳಿ. ಅವನು "ಇಳಿಯುವುದಿಲ್ಲ" ಅಂತ ಬಾಯಿಬಿಟ್ಟು ಹೇಳುವವರೆಗೆ ಏಣಿ ಮೇಲೆ ಕಾಲಿಡಬೇಡಿ.

ಆರನೇ ಹಂತ: ವರ್ಷಕ್ಕೊಮ್ಮೆ ಮೇಲೆ ಎಳೆದಾಗ

ನಮ್ಮಲ್ಲಿ ಮಿರಗದ ಮಳೆ ಬಿದ್ದು ತೊಗರಿ ಬಿತ್ತನೆ ಶುರು ಆಗುವ ಹೊತ್ತಿಗೆ ಮುಂಬೈನ ಗೇಟ್‌ವೇಯಿಂದ ಆಚೆ ದಡದ ಮಾಂಡ್ವಾ ಕಡೆಗೆ ಹೋಗುವ ಸಣ್ಣ ಲಾಂಚ್‌ಗಳು ಸಮುದ್ರದ ಅಬ್ಬರಕ್ಕೆ ನಿಲ್ಲುತ್ತವೆ. ದೊಡ್ಡ ರಿಪೇರಿಗೆ ಅದೇ ಕಾಲ. ಲಾಂಚ್ ಎಳೆದ ತಕ್ಷಣ, ತೊಳೆಯುವ ಮುಂಚೆ, ಒಂದು ಸುತ್ತು ಬಂದು ಫೋಟೊ ತೆಗೆಯಿರಿ. ಎಲ್ಲಿ ಚಿಪ್ಪು ಜಾಸ್ತಿ ಕಟ್ಟಿದೆ, ಎಲ್ಲಿ ಪೇಂಟ್ ಎದ್ದಿದೆ ಅನ್ನುವುದು ತೊಳೆದ ಮೇಲೆ ಅಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ತಳಕ್ಕೆ ಕಚ್ಚಿಸಿದ ಬೂದು ಬಣ್ಣದ ಲೋಹದ ಗಟ್ಟಿಗಳು ಕಾಣುತ್ತವೆ. ಅವು ಆನೋಡ್. ಉಪ್ಪು ನೀರಿನಲ್ಲಿ ಕಬ್ಬಿಣ, ಹಿತ್ತಾಳೆ ಒಟ್ಟಿಗೆ ಇದ್ದರೆ ಒಂದು ಬ್ಯಾಟರಿ ಆದ ಹಾಗೆ, ಕಬ್ಬಿಣ ಕರಗತೊಡಗುತ್ತದೆ. ಅದರ ಬದಲಿಗೆ ತಾನು ಕರಗಲಿ ಅಂತ ಸತುವಿನ ಗಟ್ಟಿ ಹಾಕುವುದು. ಅರ್ಧ ಕರಗಿದ್ದರೆ ಬದಲಿಸಿ. ಒಂದು ವರ್ಷ ಆದರೂ ಹೊಸದರಂತೆ ಇದ್ದರೆ ಖುಷಿ ಪಡಬೇಡಿ. ಅದು ಕೆಲಸವೇ ಮಾಡಿಲ್ಲ, ಲಾಂಚಿನ ಮೈಗೆ ಸರಿಯಾಗಿ ತಾಗಿಲ್ಲ. ಬಿಚ್ಚಿ, ಕೂರುವ ಜಾಗವನ್ನು ಹೊಳೆಯುವ ಹಾಗೆ ಕೆರೆದು ಹಾಕಿ. ಪೇಂಟ್ ಮಾಡುವವರು ಆನೋಡಿನ ಮೇಲೂ ಬಳಿದುಬಿಡುತ್ತಾರೆ, ಹತ್ತಿರ ನಿಂತು ನೋಡಿಕೊಳ್ಳಿ.

ಸತು ಉಪ್ಪು ನೀರಿಗೆ ಮಾತ್ರ. ಕೃಷ್ಣೆ, ಭೀಮೆಯಂಥ ಸಿಹಿನೀರಿಗೆ ಮೆಗ್ನೀಸಿಯಂ ಬೇಕು. ಸತುವಿನ ಮೇಲೆ ಸಿಹಿನೀರಿನಲ್ಲಿ ಪದರ ಕಟ್ಟಿ ಅದು ಸುಮ್ಮನಾಗಿಬಿಡುತ್ತದೆ. 2016ರ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗ ಅಂತ ಸಾರಿದರು, ಅದರಲ್ಲಿ ನಮ್ಮ ಭೀಮೆಯೂ ಇದ್ದಾಳೆ. ನಾರಾಯಣಪುರದ ಹಿನ್ನೀರಿನಲ್ಲೋ ಭೀಮೆಯ ಬ್ಯಾರೇಜಿನ ಹಿಂದೆಯೋ ಮೋಟಾರ್ ಬೋಟ್ ನೋಡಿಕೊಳ್ಳುವ ಕೆಲಸ ಸಿಕ್ಕರೆ ಮೊದಲು ಕೇಳಬೇಕಾದ್ದು ಇದನ್ನೇ: ಆನೋಡ್ ಯಾವುದು? ಹೊಳೆಗೆ ಹೊಸ ನೀರು ಬಂದಾಗ ಇನ್ನೊಂದು ಎಚ್ಚರ ಬೇಕು. ಆ ಕೆಂಪು ನೀರಿನಲ್ಲಿ ಮರಳು, ರೇವೆ ಜಾಸ್ತಿ. ಪಂಪಿನ ಇಂಪೆಲ್ಲರ್, ಶಾಫ್ಟಿನ ರಬ್ಬರ್ ಬೇರಿಂಗ್ ಬೇಗ ಸವೆಯುತ್ತವೆ. ಜಾಲರಿಯನ್ನು ದಿನಕ್ಕೊಮ್ಮೆ ಅಲ್ಲ, ಟ್ರಿಪ್ಪಿಗೊಮ್ಮೆ ತೊಳೆಯಿರಿ.

ಪಂಖಾವನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗುಡಿಯ ಗಂಟೆಯಂತೆ ಸದ್ದು ಉಳಿದರೆ ಚೆನ್ನಾಗಿದೆ. ಬೊದ್ದು ಸದ್ದು ಬಂದರೆ ಬಿರುಕು ಹುಡುಕಿ. ಹಳದಿ ಲೋಹ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತು ಕರಗಿ ಹೋಗಿದೆ, ಆ ಜಾಗ ಪುಡಿಪುಡಿ ಆಗಿರುತ್ತದೆ.

ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಇವೆಯಾ ಅನ್ನುವುದನ್ನು ಮೇಲೆ ಇದ್ದಾಗ ನೋಡಿ ಮುಗಿಸಬೇಡಿ. ನೆಲದ ಮೇಲೆ ಕೂತ ಲಾಂಚಿನ ಮೈ ಬೇರೆ, ನೀರಿನಲ್ಲಿ ತೇಲುವಾಗಿನ ಮೈ ಬೇರೆ. ನೀರಿಗೆ ಬಿಟ್ಟು ಒಂದು ದಿನ ಕಳೆದ ಮೇಲೆ ಎಂಜಿನ್ ಕಡೆಯನ್ನೂ ಶಾಫ್ಟನ್ನೂ ಕೂಡಿಸುವ ಕಪ್ಲಿಂಗಿನ ಬೋಲ್ಟ್ ಬಿಚ್ಚಿ, ಎರಡು ಮುಖಗಳ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ. ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಅಳೆಯಿರಿ. 100 ಮಿಲಿಮೀಟರ್ ಅಗಲದ ಕಪ್ಲಿಂಗ್ ಆದರೆ ಅಳತೆಗಳ ನಡುವಿನ ವ್ಯತ್ಯಾಸ 0.1 ಮಿಲಿಮೀಟರ್ ದಾಟಬಾರದು. ಹಿಂದಿನ ಸೀಟಿನವರ ಕಾಲಡಿಯ ನಡುಕ ನಿಲ್ಲುವುದು ಬಹಳ ಸಲ ಇಲ್ಲಿಯೇ.

ಸರ್ವೆಗೆ, ಅಂದರೆ ಲಾಂಚಿನ ತಪಾಸಣೆಗೆ, ಬರುವ ಅಧಿಕಾರಿಗೆ ಕಾಗದ ಸಿದ್ಧವಾಗಿರಲಿ. ಒಳನಾಡಿನ ಬೋಟುಗಳಿಗೆ 1917ರ ಹಳೆಯ ಕಾಯ್ದೆ ಹೋಗಿ 2021ರ ಕಾಯ್ದೆ ಬಂದಿದೆ. ನೋಂದಣಿ, ಸರ್ವೆ ಸರ್ಟಿಫಿಕೇಟ್ ಇಲ್ಲದ ಲಾಂಚಿಗೆ ಕೈ ಹಚ್ಚುವ ಮುಂಚೆ ಯಜಮಾನರನ್ನು ಕೇಳಿ.

ಜೀವ ಉಳಿಸುವ ಸಾಮಾನು

ಲೈಫ್ ಜಾಕೆಟ್ ಎಣಿಸಿದರೆ ಸಾಲದು, ಒಂದೊಂದರ ಪಟ್ಟಿ ಎಳೆದು ನೋಡಿ. ಬಿಸಿಲಿಗೆ ಹೊಲಿಗೆ ಸತ್ತಿರುತ್ತದೆ. ಮಕ್ಕಳ ಅಳತೆಯವು ಬೇರೆ ಇರಬೇಕು, ಕೈಗೆ ಸಿಗುವ ಹಾಗೆ ಇರಬೇಕು. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟ ಜಾಕೆಟ್ ಇಲ್ಲದ ಲೆಕ್ಕ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಕರೆಂಟಿನ ಬೋಟುಗಳು

ಕೇರಳದ ವೈಕಂನಲ್ಲಿ 2017ರಿಂದ ಆದಿತ್ಯ ಅನ್ನುವ ಸೋಲಾರ್ ಫೆರಿ ಓಡುತ್ತಿದೆ, 75 ಜನರ ಬೋಟು. ಕೊಚ್ಚಿಯಲ್ಲಿ 2023ರಿಂದ ವಾಟರ್ ಮೆಟ್ರೊ. ಎಲೆಕ್ಟ್ರಿಕಲ್ ಓದಿದವರಿಗೆ ಇಲ್ಲಿ ಒಳ್ಳೆಯ ಅವಕಾಶ. ಡೀಸೆಲ್ ಹೋದರೂ ಶಾಫ್ಟು, ಪಂಖಾ, ಆನೋಡು, ಬಿಲ್ಜು ಹೋಗುವುದಿಲ್ಲ. ದೊಡ್ಡ ವೋಲ್ಟೇಜಿನ ಬ್ಯಾಟರಿ ಇರುವ ಕಡೆ ತರಬೇತಿ ಇಲ್ಲದೆ ಮುಚ್ಚಳ ತೆಗೆಯಬೇಡಿ.

ಬಿಡುವುದಿಲ್ಲ ಅಂತ ಹೇಳುವುದು

ಪಾನಾ ಹಿಡಿಯಲು ಒಂದು ವರ್ಷದಲ್ಲಿ ಕಲಿಯುತ್ತೀರಿ. ಇದಕ್ಕೆ ಇನ್ನೂ ಜಾಸ್ತಿ ಸಮಯ ಬೇಕಾಗುತ್ತದೆ.

ಒಂದು ಡಿಸೆಂಬರ್ ಶನಿವಾರ. ರಜೆಯ ದಿನ, ಧಕ್ಕೆಯ ತುಂಬ ಜನ. ಬೆಳಿಗ್ಗೆ ಗೇರ್‌ಬಾಕ್ಸಿನ ಕಡ್ಡಿ ಎಳೆದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿತ್ತು. ಯಜಮಾನರ ಕಡೆಯವರು ಬಂದು, "ಎರಡು ಟ್ರಿಪ್ ಹೋಗಿ ಬರಲಿ, ಮಧ್ಯಾಹ್ನ ನೋಡು" ಅಂದರು. ಅವರ ಮೇಲೂ ಒತ್ತಡ ಇತ್ತು, ಕೆಟ್ಟ ಮನುಷ್ಯರಲ್ಲ. ನಾನು ವಾದ ಮಾಡಲಿಲ್ಲ. ಆಯಿಲನ್ನು ಗಾಜಿನ ಲೋಟಕ್ಕೆ ಬಿಟ್ಟು ಅವರ ಕೈಗೆ ಕೊಟ್ಟೆ. ಲಾಗ್‌ಬುಕ್ಕಿನಲ್ಲಿ ಬರೆದೆ: "ಗೇರ್ ಆಯಿಲಿನಲ್ಲಿ ನೀರು. ಪ್ರಯಾಣಿಕರನ್ನು ಒಯ್ಯಲು ಯೋಗ್ಯವಲ್ಲ." ತಾರೀಖು, ಸಮಯ, ಸಹಿ. "ಬಿಡಬಹುದು ಅಂತ ಇದರ ಕೆಳಗೆ ನೀವು ಬರೆಯಿರಿ ಸಾಹೇಬರೇ" ಅಂದೆ. ಅವರು ಬರೆಯಲಿಲ್ಲ. ಲಾಂಚ್ ನಿಂತಿತು. ಆಯಿಲ್ ಕೂಲರ್ ಬಿಚ್ಚಿದಾಗ ಒಂದು ಕೊಳವೆಯಲ್ಲಿ ಸೂಜಿ ಮೊನೆಯಷ್ಟು ತೂತು, ಅದರಿಂದ ಸಮುದ್ರದ ನೀರು ಗೇರಿಗೆ ಇಳಿಯುತ್ತಿತ್ತು. ನಡುನೀರಿನಲ್ಲಿ ಗೇರ್ ಹಿಡಿಯದೆ ಬಂಡೆಯ ಕಡೆಗೆ ತೇಲಿದ್ದರೆ ಆ ಲಾಂಚನ್ನು ತಡೆಯಲು ಏನೂ ಇರುತ್ತಿರಲಿಲ್ಲ.

ಹಾಗಾಗಿ ಬಾಯಲ್ಲಿ ಬೇಡ ಅನ್ನಬೇಡಿ, ಬರೆದು ಬೇಡ ಅನ್ನಿ. ಕೆಟ್ಟದ್ದನ್ನು ಕೈಗೆ ಕೊಟ್ಟು ತೋರಿಸಿ. ಮತ್ತು ರಿಪೇರಿಗೆ ಎಷ್ಟು ಹೊತ್ತು ಬೇಕು ಅನ್ನುವುದನ್ನು ಆಗಲೇ ಹೇಳಿ, ಅವರೂ ಜನರಿಗೆ ಉತ್ತರ ಕೊಡಬೇಕಲ್ಲ.

ನೀರಿಗೆ ಬಿಟ್ಟ ದಿನ

ದೊಡ್ಡ ರಿಪೇರಿ ಮುಗಿದು ಲಾಂಚ್ ನೀರಿಗೆ ಇಳಿದ ಸಂಜೆ ಎಲ್ಲರೂ ತೆಂಗಿನಕಾಯಿ ಒಡೆದು, ಪೇಢೆ ತಿಂದು ಮನೆಗೆ ಹೊರಡುತ್ತಾರೆ. ನೀವು ಹೊರಡಬೇಡಿ. ಒಂದು ಟಾರ್ಚು, ಒಂದು ಒಣ ಬಟ್ಟೆ, ನೋಟ್‌ಬುಕ್ ಹಿಡಿದು ಎಂಜಿನ್ ರೂಮಿನಲ್ಲಿ ಕೂರಿ. ಅರ್ಧ ಗಂಟೆಗೊಮ್ಮೆ ತಳದ ವಾಲ್ವುಗಳು, ಗ್ಲ್ಯಾಂಡು, ಹೊಸ ಹೋಸಿನ ಕೂಡುಗಳು, ಒಂದೊಂದನ್ನೂ ಬಟ್ಟೆಯಿಂದ ಒರೆಸಿ ಬೆಳಕು ಹಿಡಿದು ನೋಡಿ. ಬಿಲ್ಜಿನಲ್ಲಿ ಎಷ್ಟು ಬೆರಳು ನೀರು ಅಂತ ಬರೆಯಿರಿ. ನಾಲ್ಕು ಸಲ ಬರೆದ ಅಂಕಿ ಒಂದೇ ಇದ್ದರೆ, ಪಂಪಿನ ಸ್ವಿಚ್ ಆಟೊದಲ್ಲಿ ಇಟ್ಟು, ಕಾವಲಿನವನಿಗೆ ನಿಮ್ಮ ಫೋನ್ ನಂಬರ್ ಕೊಟ್ಟು, ಮೇಲೆ ಹತ್ತಿ ಬನ್ನಿ.